ಸಂಗೀತ ಕಚೇರಿಯ ಧ್ವನಿಮುದ್ರಣವೂ ಅದರ ಖಂಡವಿಭಾಗವೂ

೧. ಪ್ರಸ್ತಾವನೆ

ಇತಿಹಾಸದ ಆಕರಗಳೆಂದೊಡನೆ ಶಾಸನ, ತಾಳೆಯೋಲೆ, ಕಡತ, ನಾಣ್ಯಗಳು ನೆನಪಿಗೆ ಬರುವುದು ಸಹಜ. ಇಪ್ಪತ್ತನೆಯ ಶತಮಾನದ ಸಂಗೀತಚರಿತ್ರೆಯನ್ನು ಬರೆಯಹೊರಟವರಿಗಾದರೋ ಇವುಗಳಿಗಿಂತಲೂ ನೇರವಾದ ಆಕರವೊಂದು ದೊರೆಯುತ್ತದೆ. ಅದು ಕಚೇರಿ ನಡೆಯುತ್ತಿದ್ದಾಗಲೇ ಮಾಡಿಕೊಂಡ ಧ್ವನಿಮುದ್ರಣ. ಬಾನುಲಿ ಕೇಂದ್ರಗಳಲ್ಲಿ, ಸಂಗೀತ ಸಭೆಗಳಲ್ಲಿ, ರಸಿಕರ ಮನೆಗಳ ಕಪಾಟುಗಳಲ್ಲಿ ಇಂತಹ ಟೇಪಿನ ಸುರುಳಿಗಳೂ ಕ್ಯಾಸೆಟ್ಟುಗಳೂ ಉಳಿದುಬಂದಿವೆ. ಟೇಪಿನ ಮೇಲಣ ಲೇಪ ಉದುರುವುದರಿಂದಲೂ ಬೂಷ್ಟು ಹಿಡಿಯುವುದರಿಂದಲೂ ಇವು ದಿನೇ ದಿನೇ ಹಾಳಾಗುತ್ತಿರುವ ಕಾರಣ, ಇವನ್ನು ಗಣಕಯಂತ್ರಕ್ಕೆ ಇಳಿಸಿಕೊಳ್ಳುವ ಕಾರ್ಯ ಹಲವೆಡೆ ನಡೆದಿದೆ.

ಹಾಗೆ ಇಳಿಸಿಕೊಂಡ ಮೂರು ಗಂಟೆಗಳ ಅಖಂಡ ಧ್ವನಿಯನ್ನು ಕೃತಿಗೊಂದರಂತೆ ಬಿಡಿ ಟ್ರ್ಯಾಕುಗಳನ್ನಾಗಿ ಕತ್ತರಿಸುವುದು ವಾಡಿಕೆಯಾಗಿದೆ. ಕೇಳುವವರ ಅನುಕೂಲಕ್ಕಾಗಿ ಮಾಡುವ ಈ ಕೆಲಸವನ್ನು ಯಾಂತ್ರಿಕವಾದುದೆಂದೂ, ಗುಮಾಸ್ತೆಯ ಕೆಲಸಕ್ಕಿಂತ ಹೆಚ್ಚಿನದಲ್ಲವೆಂದೂ ಭಾವಿಸುವವರು ಅನೇಕರು. ಈ ಅಭಿಪ್ರಾಯ ಸರಿಯಲ್ಲವೆಂದು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇದಕ್ಕೆ ನಮ್ಮ ವಿಷಯದಿಂದಲೇ ಒಂದು ಹೋಲಿಕೆಯನ್ನು ಕೊಡಬಹುದು. ನಮ್ಮ ಪ್ರಾಚೀನ ಶಾಸನಗಳಲ್ಲಿಯೂ ತಾಳೆಯೋಲೆಗಳಲ್ಲಿಯೂ ಪದಪದಗಳ ನಡುವೆ ತೆರಪಿಲ್ಲ. ಅಕ್ಷರಗಳು ಒಂದೇ ಸಮನೆ ಸಾಗುತ್ತವೆ. ಪದಚ್ಛೇದ ಮಾಡುವವನು ಸಂಪಾದಕ. ಒಂದು ಅಕ್ಷರ ಆಚೀಚೆಯಾದರೆ ಊರಿನ ಹೆಸರು ವ್ಯಕ್ತಿಯ ಹೆಸರಾಗಬಹುದು. ಆದುದರಿಂದಲೇ ವಿದ್ವಾಂಸರು ತಮ್ಮ ಪಾಠವನ್ನು ಅಚ್ಚು ಮಾಡಿಸಿದ ಮೇಲೆಯೂ ಶಾಸನದ ಪಡಿಯಚ್ಚನ್ನು ಕಾಯ್ದಿಡುತ್ತಾರೆ. ಮುಂದೆ ಬರುವವನು ಅದನ್ನು ನೋಡಿ ಬೇರೆ ಪಾಠವನ್ನು ಸೂಚಿಸಲು ಅವಕಾಶವಿರುತ್ತದೆ. ಕಚೇರಿಯ ಧ್ವನಿಯನ್ನು ಖಂಡಗಳಾಗಿ ವಿಭಾಗಿಸುವುದೂ ಒಂದು ಬಗೆಯ ಪದಚ್ಛೇದವೇ. ಇಲ್ಲಿ ಮಾತ್ರ ಪಡಿಯಚ್ಚನ್ನು ಉಳಿಸುವ ಪದ್ಧತಿ ಇನ್ನೂ ನೆಲೆಗೊಂಡಿಲ್ಲ.

೨. ತಟ್ಟೆಯ ಕಾಲ

ಸಂಗೀತಕ್ಕೂ ಅದನ್ನು ಹಿಡಿದಿಡುವ ವಸ್ತುವಿನ ಅಳತೆಗೂ ಇರುವ ಘರ್ಷಣೆ ಹೊಸದಲ್ಲ. ೧೯೦೨ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬ ತಜ್ಞನು ಕಲ್ಕತ್ತೆಯಲ್ಲಿ ಗೌಹರ್ ಜಾನಳ ಗಾಯನವನ್ನು ಗ್ರಾಮಫೋನ್ ತಟ್ಟೆಗೆ ಮುದ್ರಿಸಿಕೊಂಡನು. ಅಂದಿನಿಂದ ಸುಮಾರು ಅರ್ಧ ಶತಮಾನ ಕಾಲ ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷಗಳ ಸಂಗೀತ ಮಾತ್ರ. ಹಾಡು ಮುಗಿದೊಡನೆ ಗಾಯಕಿ ತನ್ನ ಹೆಸರನ್ನು ಗಟ್ಟಿಯಾಗಿ ಹೇಳುವುದು ಆ ತಟ್ಟೆಗಳಲ್ಲಿ ಕೇಳಿಬರುತ್ತದೆ. ತಟ್ಟೆಗಳನ್ನು ಆಗ ಜರ್ಮನಿಯ ಹ್ಯಾನೋವರಿನಲ್ಲಿ ಒತ್ತಬೇಕಾಗಿದ್ದುದರಿಂದ, ಅಲ್ಲಿನ ಕೆಲಸಗಾರರಿಗೆ ಗುರುತು ಸಿಗಲೆಂದು ಹೀಗೆ ಮಾಡುತ್ತಿದ್ದರೆಂದು ಹೇಳುವುದುಂಟು. ವಿವರಪಟ್ಟಿಯನ್ನು ಧ್ವನಿಯೊಳಗೇ ಅಡಕಮಾಡಿದ ಈ ರೀತಿ ಮುಂದೆ ನಾವು ಹೇಳಲಿರುವ ವಿಷಯಕ್ಕೆ ಸಂಬಂಧಪಟ್ಟುದಾದ್ದರಿಂದ ಇದನ್ನು ಇಲ್ಲಿ ಹೆಸರಿಸಿದ್ದೇವೆ.

ಈ ಕಾಲದಲ್ಲಿ ಕತ್ತರಿಸುವ ಪ್ರಶ್ನೆಯೇ ಇರಲಿಲ್ಲ. ಕಚೇರಿಯನ್ನು ಮುದ್ರಿಸಿ ಅನಂತರ ವಿಭಾಗಿಸುತ್ತಿರಲಿಲ್ಲ. ಸಂಗೀತವನ್ನೇ ಮೂರು ನಿಮಿಷಕ್ಕೆ ಕುಗ್ಗಿಸಿ ಹಾಡಿಸುತ್ತಿದ್ದರು. ಆದುದರಿಂದ ಆ ತಟ್ಟೆಗಳು ಕಂಠಕ್ಕೆ ಸಾಕ್ಷ್ಯ, ಶೈಲಿಗೆ ಒಂದು ಮಟ್ಟಿಗೆ ಸಾಕ್ಷ್ಯ. ಕಚೇರಿಯ ರೂಪಕ್ಕೆ ಸಾಕ್ಷ್ಯವಲ್ಲ.

೩. ಟೇಪಿನ ಕಾಲ

೧೯೪೮ರಲ್ಲಿ ಎರಡು ಮಾರ್ಪಾಟುಗಳು ಸಂಭವಿಸಿದವು. ಕೊಲಂಬಿಯಾ ಕಂಪನಿಯು ನಿಮಿಷಕ್ಕೆ ೩೩⅓ ಸುತ್ತು ತಿರುಗುವ ದೀರ್ಘಾವಧಿಯ ತಟ್ಟೆಯನ್ನು ಹೊರತಂದಿತು. ಅದರ ಒಂದು ಮಗ್ಗುಲಿನಲ್ಲಿ ಇಪ್ಪತ್ತು ನಿಮಿಷಕ್ಕೂ ಮೀರಿದ ಸಂಗೀತ ಹಿಡಿಯಿತು. ಈ ತಟ್ಟೆಗಳಲ್ಲಿ ಒಂದು ಹಾಡಿಗೂ ಮತ್ತೊಂದಕ್ಕೂ ನಡುವೆ ಗೆರೆಗಳು ವಿರಳವಾಗಿ, ಕಣ್ಣಿಗೆ ಕಾಣುವ ಒಂದು ಪಟ್ಟಿ ಇರುತ್ತಿತ್ತು. ಮುಳ್ಳನ್ನು ಅಲ್ಲಿ ಇಟ್ಟರೆ ಬೇಕಾದ ಹಾಡು ದೊರೆಯುತ್ತಿತ್ತು. ಇದೇ ವರ್ಷ ಅಮೆರಿಕದ ಆಂಪೆಕ್ಸ್ ಸಂಸ್ಥೆಯ ಟೇಪ್ ಯಂತ್ರವೂ ಬಳಕೆಗೆ ಬಂದಿತು. ಇದಕ್ಕೆ ಮೂಲವಾದ ಜರ್ಮನಿಯ ಮ್ಯಾಗ್ನೆಟೋಫೋನ್ ೧೯೩೫ರಲ್ಲಿಯೇ ಬರ್ಲಿನ್ನಿನಲ್ಲಿ ಪ್ರದರ್ಶಿತವಾಗಿತ್ತು. ತರುವಾಯ ಭಾರತದಲ್ಲಿಯೂ ಟೇಪ್ ಯಂತ್ರಗಳು ಬಾನುಲಿ ಕೇಂದ್ರಗಳಲ್ಲಿ, ಆಮೇಲೆ ಅನುಕೂಲಸ್ಥ ರಸಿಕರ ಮನೆಗಳಲ್ಲಿ ಕಾಣಿಸಿಕೊಂಡವು. ಕಚೇರಿಯನ್ನು ಅದು ನಡೆದ ರೀತಿಯಲ್ಲಿಯೇ ಹಿಡಿದಿಡಲು ಸಾಧ್ಯವಾದುದು ಆಗಲೇ.

ಆದರೆ ಟೇಪಿಗೂ ಒಂದು ಅಳತೆಯುಂಟು. ಏಳು ಅಂಗುಲದ ಸುರುಳಿಯಲ್ಲಿ ೧,೨೦೦ ಅಡಿ ಟೇಪು ಇದ್ದು, ಅದು ಸೆಕೆಂಡಿಗೆ ೭½ ಅಂಗುಲದಂತೆ ಓಡಿದರೆ ೩೨ ನಿಮಿಷಕ್ಕೆ ಮುಗಿಯುತ್ತದೆ; ಅರ್ಧ ವೇಗದಲ್ಲಿ ೬೪ ನಿಮಿಷ. ೧೯೬೩ರಲ್ಲಿ ಫಿಲಿಪ್ಸ್ ಸಂಸ್ಥೆ ತಂದ ಕ್ಯಾಸೆಟ್ಟಿನಲ್ಲಿ ಮಗ್ಗುಲೊಂದಕ್ಕೆ ಸಾಮಾನ್ಯವಾಗಿ ೩೦ ಅಥವಾ ೪೫ ನಿಮಿಷ. ಕಚೇರಿ ಇದನ್ನು ಲೆಕ್ಕಿಸುವುದಿಲ್ಲ. ಆಲಾಪನೆ ಏರುತ್ತಿರುವಾಗಲೇ ಟೇಪು ಮುಗಿಯುತ್ತದೆ. ಮಗ್ಗುಲು ತಿರುಗಿಸುವಷ್ಟರಲ್ಲಿ ಒಂದೆರಡು ಸಂಚಾರಗಳು ಶಾಶ್ವತವಾಗಿ ಹೋಗುತ್ತವೆ. ಟೇಪು ದುಬಾರಿಯಾಗಿದ್ದುದರಿಂದ ಶ್ರುತಿ ಸೇರಿಸುವಾಗಲೋ ಚಪ್ಪಾಳೆಯ ವೇಳೆಯಲ್ಲೋ ಯಂತ್ರವನ್ನು ನಿಲ್ಲಿಸುವುದೂ ಇತ್ತು. ಮೃದಂಗದ ತನಿಯಾವರ್ತನವನ್ನೇ ಬಿಟ್ಟ ಮುದ್ರಣಗಳೂ ಉಂಟು. ಹೀಗಾಗಿ ನಾವು ಮೂಲವೆಂದು ಕರೆಯುವ ಟೇಪಿನಲ್ಲಿಯೂ ಒಮ್ಮೆ ಕತ್ತರಿ ಆಡಿರುತ್ತದೆ. ಈ ಹಳೆಯ ಕಡಿತಗಳನ್ನು ಇಂದಿನ ಕಡಿತಗಳಿಂದ ಬೇರ್ಪಡಿಸಿ ಗುರುತಿಸುವುದು ಸಂಶೋಧಕನ ಮೊದಲ ಕರ್ತವ್ಯ.

೪. ಗಣಕಯಂತ್ರದ ಕಾಲ

೧೯೮೨ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯು ಟ್ರ್ಯಾಕು ಎಂಬ ಕಲ್ಪನೆಗೆ ನಿಯಮಬದ್ಧ ರೂಪವನ್ನು ಕೊಟ್ಟಿತು. ಒಂದು ಸಿ.ಡಿ.ಯಲ್ಲಿ ಸುಮಾರು ೭೪ ನಿಮಿಷಗಳ ಧ್ವನಿ, ೯೯ಕ್ಕೆ ಮೀರದ ಟ್ರ್ಯಾಕುಗಳು. ಪ್ರತಿ ಸೆಕೆಂಡಿನ ಧ್ವನಿಯನ್ನು ೪೪,೧೦೦ ಮಾದರಿಗಳಾಗಿ ಅಳೆದು, ಅವನ್ನು ೭೫ ಕಿರುಭಾಗಗಳಾಗಿ ಜೋಡಿಸಿರುತ್ತಾರೆ. ಎಂದರೆ ಒಂದು ಕಿರುಭಾಗಕ್ಕೆ ೫೮೮ ಮಾದರಿಗಳು. ಟ್ರ್ಯಾಕಿನ ಗಡಿ ಈ ಕಿರುಭಾಗದ ಗಡಿಯಲ್ಲಿಯೇ ಬೀಳಬೇಕು. ಹಾಗೆ ಬೀಳದಂತೆ ಕತ್ತರಿಸಿದರೆ ಉಳಿದ ಜಾಗವನ್ನು ಯಂತ್ರವು ಮೌನದಿಂದ ತುಂಬುತ್ತದೆ. ಕೇಳುವವರಿಗೆ ಅದು ಟಕ್ಕೆಂಬ ಶಬ್ದವಾಗಿ ಕೇಳಿಸುತ್ತದೆ. ಟ್ರ್ಯಾಕುಗಳನ್ನು ಒಂದೊಂದಾಗಿ ಬರೆಯುವ ಕ್ರಮದಲ್ಲಿ ನಡುವೆ ಎರಡು ಸೆಕೆಂಡುಗಳ ಮೌನ ಸೇರುವುದುಂಟು. ಚಪ್ಪಾಳೆಯ ಭೋರ್ಗರೆತದ ನಡುವೆ ಇದ್ದಕ್ಕಿದ್ದಂತೆ ಸಭೆಯೇ ಮಾಯವಾಗಿ ಮತ್ತೆ ಕಾಣಿಸಿಕೊಂಡಂತಾಗುವುದು ಇದರಿಂದಲೇ.

ಮುಂದೆ ಬಂದ ಎಂ.ಪಿ.೩ ರೂಪದಲ್ಲಿ ಧ್ವನಿಯನ್ನು ೧,೧೫೨ ಮಾದರಿಗಳ ಗುಂಪುಗಳಾಗಿ ಅಡಕಗೊಳಿಸಲಾಗುತ್ತದೆ. ಬಿಡಿ ಖಂಡಗಳನ್ನು ಬೇರೆಬೇರೆಯಾಗಿ ಈ ರೂಪಕ್ಕೆ ತಂದರೆ ಪ್ರತಿಯೊಂದರ ಆದಿ ಅಂತ್ಯಗಳಲ್ಲಿಯೂ ಅತ್ಯಲ್ಪ ಮೌನ ಸೇರಿಕೊಳ್ಳುತ್ತದೆ. ೨೦೦೧ರಲ್ಲಿ ಬಂದ ಫ್ಲ್ಯಾಕ್ ರೂಪದಲ್ಲಿ ಈ ದೋಷವಿಲ್ಲ. ಧ್ವನಿಯ ಯಾವ ಅಂಶವೂ ಅದರಲ್ಲಿ ನಷ್ಟವಾಗುವುದಿಲ್ಲ.

ಸಂಗ್ರಹಕ್ಕೆಂದು ಸೆಕೆಂಡಿಗೆ ೯೬,೦೦೦ ಮಾದರಿ, ೨೪ ಬಿಟ್ ಪ್ರಮಾಣದಲ್ಲಿ ಎರಡು ವಾಹಿನಿಗಳ ಧ್ವನಿಯನ್ನು ಇಳಿಸಿಕೊಂಡರೆ ಸೆಕೆಂಡಿಗೆ ೫,೭೬,೦೦೦ ಬೈಟು ಬೇಕು. ಸಾಮಾನ್ಯ ವೇವ್ ಕಡತದ ಮಿತಿ ನಾಲ್ಕು ಗಿಗಾಬೈಟು. ಲೆಕ್ಕ ಹಾಕಿದರೆ ಎರಡು ಗಂಟೆ ನಾಲ್ಕು ನಿಮಿಷಕ್ಕೆ ಕಡತ ತುಂಬುತ್ತದೆ. ಮೂರು ಗಂಟೆಯ ಕಚೇರಿಯು ಇಲ್ಲಿಯೂ, ತಟ್ಟೆ ಟೇಪುಗಳ ಕಾಲದಲ್ಲಿದ್ದಂತೆ, ಸಂಗೀತಕ್ಕೆ ಸಂಬಂಧಿಸದ ಕಾರಣದಿಂದ ಮುರಿಯಬಹುದು. ಈ ಮಿತಿಯನ್ನು ದಾಟಲೆಂದೇ ಆರ್.ಎಫ್.೬೪ ಎಂಬ ರೂಪವನ್ನು ಆಮೇಲೆ ಏರ್ಪಡಿಸಿದರು. ಸಾಧನ ಬದಲಾದರೂ ಸಮಸ್ಯೆಯ ಸ್ವರೂಪ ಬದಲಾಗಿಲ್ಲವೆಂಬುದು ಇದರಿಂದ ವಿದಿತವಾಗುತ್ತದೆ.

೫. ಕಚೇರಿಯ ಸಂಧಿಗಳು

ಕತ್ತರಿಸುವ ಜಾಗವನ್ನು ಯಂತ್ರವೇ ಹುಡುಕಬಲ್ಲದೇ ಎಂದು ಕೇಳಬಹುದು. ಶಬ್ದದ ಮಟ್ಟವು ನಿಗದಿಯಾದ ಮಿತಿಗಿಂತ ಕೆಳಗಿಳಿದು ಒಂದೆರಡು ಸೆಕೆಂಡು ಹಾಗೆಯೇ ಇದ್ದರೆ ಅಲ್ಲಿ ಗಡಿಯೆಂದು ತಿಳಿಯುವ ಕ್ರಮ ಹಲವು ತಂತ್ರಾಂಶಗಳಲ್ಲಿದೆ. ಸ್ಟುಡಿಯೋದಲ್ಲಿ ಮುದ್ರಿಸಿದ ಹಾಡುಗಳಿಗೆ ಇದು ಸಾಕು. ಕಚೇರಿಗೆ ಸಾಲದು. ಕಚೇರಿಯಲ್ಲಿ ತಂಬೂರಿ ನಿಲ್ಲುವುದೇ ಇಲ್ಲ. ಕೃತಿ ಮುಗಿದಾಗ ಕೇಳಿಬರುವುದು ಮೌನವಲ್ಲ, ಚಪ್ಪಾಳೆ. ಎಂದರೆ ಶಬ್ದ ಹೆಚ್ಚುತ್ತದೆ. ನಿಜವಾದ ನಿಶ್ಶಬ್ದ ದೊರೆಯುವುದು ಆಲಾಪನೆಯ ನಡುವೆ, ಗಾಯಕನು ಒಂದು ನ್ಯಾಸಸ್ವರದ ಮೇಲೆ ನಿಂತು ಉಸಿರೆಳೆದುಕೊಳ್ಳುವಾಗ. ಯಂತ್ರವು ಕತ್ತರಿಸಬಾರದ ಕಡೆ ಕತ್ತರಿಸಿ, ಕತ್ತರಿಸಬೇಕಾದ ಕಡೆ ಸುಮ್ಮನಿರುತ್ತದೆ.

ಆದುದರಿಂದ ನಿರ್ಣಯ ಮನುಷ್ಯನದೇ. ಆ ನಿರ್ಣಯವೂ ಸುಲಭವಲ್ಲ. ಅರಿಯಕುಡಿ ರಾಮಾನುಜ ಅಯ್ಯಂಗಾರ್ಯರು (೧೮೯೦–೧೯೬೭) ನೆಲೆಗೊಳಿಸಿದರೆನ್ನಲಾದ ಕಚೇರಿಯ ಕ್ರಮದಲ್ಲಿ ವರ್ಣದಿಂದ ಮೊದಲಾಗಿ ಮಂಗಳದವರೆಗೆ ರಚನೆಗಳು ಒಂದು ಅನುಕ್ರಮದಲ್ಲಿ ಬರುತ್ತವೆ. ಪ್ರಧಾನ ರಾಗದಲ್ಲಿ ಗಾಯಕನ ಆಲಾಪನೆ, ಪಿಟೀಲಿನ ಆಲಾಪನೆ, ಕೃತಿ, ನೆರವಲ್, ಕಲ್ಪನಾಸ್ವರ, ತನಿಯಾವರ್ತನ, ಮತ್ತೆ ಕೃತಿಯ ಒಂದು ಸಾಲು: ಇಷ್ಟೂ ಸೇರಿ ಒಂದು ಘಟಕವೇ, ಅಥವಾ ಏಳು ಘಟಕಗಳೇ? ತನಿಯಾವರ್ತನವನ್ನು ಬೇರೆಯಾಗಿಸಿದರೆ ಲಯಾಭ್ಯಾಸಿಗೆ ಅನುಕೂಲ. ಆದರೆ ಮೃದಂಗದ ಕೊನೆಯ ಮುಕ್ತಾಯಕ್ಕೂ ಗಾಯಕನು ಹಿಡಿಯುವ ಎಡುಪಿಗೂ ಇರುವ ಸಂಬಂಧ ಆ ಗಡಿಯಲ್ಲಿ ತುಂಡಾಗುತ್ತದೆ. ಮೈಸೂರಿನ ಟಿ. ಚೌಡಯ್ಯನವರಂತಹ (೧೮೯೫–೧೯೬೭) ಮಹಾವಿದ್ವಾಂಸರು ಪಕ್ಕವಾದ್ಯದಲ್ಲಿ ಕುಳಿತಾಗ ಅವರ ಆಲಾಪನೆ ಗಾಯಕನ ಆಲಾಪನೆಗೆ ಕೊಟ್ಟ ಉತ್ತರವಾಗಿರುತ್ತದೆ. ಉತ್ತರವನ್ನು ಪ್ರಶ್ನೆಯಿಂದ ಬಿಡಿಸಿ ಕೇಳಿದವನಿಗೆ ದೊರೆಯುವುದು ಅರ್ಧ ಮಾತ್ರ.

ಕನ್ನಡ ನಾಡಿಗೆ ವಿಶೇಷವಾಗಿ ಅನ್ವಯಿಸುವ ಸಂಧಿಯೊಂದುಂಟು. ದೇವರನಾಮಕ್ಕೆ ಮುನ್ನ ಉಗಾಭೋಗವನ್ನು ತಾಳವಿಲ್ಲದೆ ಹಾಡುವುದು ನಮ್ಮ ಗಾಯಕರಲ್ಲಿ ರೂಢಿ. ಉಗಾಭೋಗವು ಮುಗಿಯುತ್ತಿದ್ದಂತೆಯೇ ದೇವರನಾಮ ಎತ್ತಿಕೊಳ್ಳುವುದರಿಂದ ನಡುವೆ ತೆರಪಿಲ್ಲ. ವಿಭಾಗ ಮಾಡುವವರು ಎರಡನ್ನೂ ಒಂದೇ ಖಂಡದಲ್ಲಿರಿಸಿ ದೇವರನಾಮದ ಹೆಸರನ್ನು ಮಾತ್ರ ಬರೆಯುವುದುಂಟು. ಧ್ವನಿ ಉಳಿಯಿತು, ಹೆಸರು ಹೋಯಿತು. ಯಾವ ಉಗಾಭೋಗಗಳು ಯಾವ ದಶಕದಲ್ಲಿ ವೇದಿಕೆಯ ಮೇಲೆ ಬಳಕೆಯಲ್ಲಿದ್ದವೆಂದು ನಾಳೆ ಯಾರಾದರೂ ವಿಚಾರಿಸಿದರೆ, ಅಂತಹ ಪಟ್ಟಿಗಳಲ್ಲಿ ಅವರಿಗೆ ಉತ್ತರ ಸಿಗಲಾರದು. ಹರಿದಾಸ ಸಾಹಿತ್ಯದ ಪ್ರಸಾರವನ್ನು ಕುರಿತ ಚರಿತ್ರೆಯಲ್ಲಿ ಇದು ಸಣ್ಣ ನಷ್ಟವಲ್ಲ.

ಹಿಂದೂಸ್ಥಾನಿ ಪದ್ಧತಿಯಲ್ಲಿಯೂ ಇಂತಹುದೇ ತೊಡಕು. ಗಂಗೂಬಾಯಿ ಹಾನಗಲ್ (೧೯೧೩–೨೦೦೯) ಮೊದಲಾದ ನಮ್ಮ ಖ್ಯಾಲು ಗಾಯಕರ ಕಚೇರಿಗಳಲ್ಲಿ ವಿಲಂಬಿತ ಮುಗಿದು ದ್ರುತ ಮೊದಲಾದಾಗ ಚೀಜು ಬದಲಾಗುತ್ತದೆ, ಲಯ ಬದಲಾಗುತ್ತದೆ, ರಾಗ ಬದಲಾಗುವುದಿಲ್ಲ. ರಚನೆಯನ್ನು ಘಟಕವೆಂದರೆ ಎರಡು ಖಂಡ, ರಾಗವನ್ನು ಘಟಕವೆಂದರೆ ಒಂದು. ಎರಡೂ ಸಮರ್ಥನೀಯ, ಯಾವುದನ್ನು ಅನುಸರಿಸಲಾಗಿದೆಯೆಂದು ಬರೆದಿಡದಿರುವುದು ಮಾತ್ರ ಸಮರ್ಥನೀಯವಲ್ಲ.

೬. ನಡುವಣ ಅವಕಾಶದ ಸಾಕ್ಷ್ಯ

ಕೃತಿಗಳ ನಡುವಣ ಭಾಗವನ್ನು ನಿರುಪಯುಕ್ತವೆಂದು ತೆಗೆದುಹಾಕುವವರಿದ್ದಾರೆ. ಕೇಳುಗನಿಗೆ ಅದು ನಿರುಪಯುಕ್ತವಿರಬಹುದು, ಇತಿಹಾಸಕಾರನಿಗೆ ಹಾಗಲ್ಲ. ಸಭೆಯ ಕಾರ್ಯದರ್ಶಿಯ ಘೋಷಣೆ, ಪಕ್ಕವಾದ್ಯದವರ ಪರಿಚಯ, ರಸಿಕರು ಕಳುಹಿಸಿದ ಚೀಟಿಯನ್ನು ಓದಿ ಗಾಯಕನಾಡುವ ಮಾತು ಇವೆಲ್ಲ ಇರುವುದು ಅಲ್ಲಿಯೇ. ಡಬ್ಬಿಯ ಮೇಲಣ ಚೀಟಿ ಕಳಚಿಹೋದ ಟೇಪಿಗೆ ಸ್ಥಳವನ್ನೂ ಕಾಲವನ್ನೂ ನಿರ್ಣಯಿಸಲು ಅನೇಕ ವೇಳೆ ಬೇರೆ ಆಧಾರವಿರುವುದಿಲ್ಲ. ಗೌಹರ್ ಜಾನಳ ತಟ್ಟೆಯ ಕೊನೆಯಲ್ಲಿ ಅವಳ ಹೆಸರಿದ್ದಂತೆ, ಈ ಟೇಪುಗಳ ನಡುವೆ ಅವುಗಳ ಜಾತಕವಿರುತ್ತದೆ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ೧೯೩೯ರಲ್ಲಿ ಆರಂಭವಾದ ಶ್ರೀರಾಮಸೇವಾ ಮಂಡಳಿಯಂತಹ ಸಂಸ್ಥೆಗಳ ಉತ್ಸವಗಳು ಚಪ್ಪರದಡಿಯಲ್ಲಿ ನಡೆದುಬಂದವು. ಚಪ್ಪರದ ಸದ್ದು ಬೇರೆ, ಮುಚ್ಚಿದ ಸಭಾಂಗಣದ ಸದ್ದು ಬೇರೆ. ಹಾಡು ನಿಂತಾಗ ಈ ಭೇದ ಸ್ಪಷ್ಟವಾಗುತ್ತದೆ.

ಮತ್ತೊಂದು ಸಾಕ್ಷ್ಯ ಇನ್ನೂ ಸೂಕ್ಷ್ಮವಾದುದು. ಮನೆಯ ವಿದ್ಯುತ್ತಿನಿಂದ ನಡೆದ ಯಂತ್ರದ ಮುದ್ರಣದಲ್ಲಿ ಒಂದು ಸಣ್ಣ ಗುಂಯ್‌ಗುಟ್ಟುವಿಕೆ ಸೇರಿರುವುದುಂಟು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ ೫೦ ಆವರ್ತಗಳದ್ದಾದ್ದರಿಂದ ಈ ಗುಂಯ್‌ಗುಟ್ಟುವಿಕೆಯೂ ೫೦ರಲ್ಲಿ ಅಥವಾ ಅದರ ಇಮ್ಮಡಿ ಮುಮ್ಮಡಿಗಳಲ್ಲಿ ಇರಬೇಕು. ಅದು ೫೨ರಲ್ಲಿ ಕಂಡರೆ ಟೇಪು ನೂರಕ್ಕೆ ನಾಲ್ಕರಷ್ಟು ವೇಗವಾಗಿ ಓಡುತ್ತಿದೆಯೆಂದೂ, ಗಾಯಕನ ಶ್ರುತಿ ಅರ್ಧ ಸ್ವರಸ್ಥಾನಕ್ಕೂ ಮೀರಿ ಏರಿ ಕೇಳುತ್ತಿದೆಯೆಂದೂ ಊಹಿಸಬಹುದು. ವಿದ್ಯುತ್ತಿನ ಆವರ್ತನವೂ ತುಸು ಏರಿಳಿಯುವುದರಿಂದ ಈ ಲೆಕ್ಕ ಸ್ಥೂಲವಾದುದು. ಆದರೂ ಶ್ರುತಿಯನ್ನು ಕುರಿತ ವಾದಗಳಲ್ಲಿ ಇದಕ್ಕಿಂತ ನಿಷ್ಪಕ್ಷಪಾತಿಯಾದ ಸಾಕ್ಷಿ ದೊರೆಯುವುದು ಕಷ್ಟ. ಇದನ್ನು ಅಳೆಯಲು ಅತ್ಯಂತ ಅನುಕೂಲವಾದ ಜಾಗ ಹಾಡುಗಳ ನಡುವಣ ನಿಶ್ಶಬ್ದ. ಅದನ್ನು ಕತ್ತರಿಸಿ ಬಿಸಾಡಿದರೆ ಸಾಕ್ಷಿಯ ಬಾಯನ್ನು ಕಟ್ಟಿದಂತಾಗುತ್ತದೆ.

ಅನುಕ್ರಮವೂ ಸಾಕ್ಷ್ಯವೇ. ಬಿಡಿ ಖಂಡಗಳಿಗೆ ಕೃತಿಯ ಹೆಸರನ್ನು ಮಾತ್ರ ಕೊಟ್ಟರೆ ಗಣಕಯಂತ್ರವು ಅವನ್ನು ಅಕಾರಾದಿಯಾಗಿ ಜೋಡಿಸುತ್ತದೆ. ಮಂಗಳ ನಡುವೆ ಬರುತ್ತದೆ, ವರ್ಣ ಕೊನೆಗೆ ಹೋಗುತ್ತದೆ. ಕಚೇರಿಯ ಕ್ರಮ ಹೇಗೆ ಬೆಳೆಯಿತೆಂಬ ಪ್ರಶ್ನೆಗೆ ಅಂತಹ ಸಂಗ್ರಹದಿಂದ ಪ್ರಯೋಜನವಿಲ್ಲ.

೭. ಅಮೆರಿಕದ ಒಂದು ನಿದರ್ಶನ

ಇದೇ ಸಮಸ್ಯೆಯನ್ನು ನಮ್ಮದಕ್ಕೆ ತೀರ ಬೇರೆಯಾದ ಸಂಗೀತವೊಂದರ ಅಭಿಮಾನಿಗಳು ಎದುರಿಸಿದ ಬಗೆ ಗಮನಾರ್ಹವಾಗಿದೆ. ೧೯೬೫ರಿಂದ ೧೯೯೫ರವರೆಗೆ ಅಮೆರಿಕದಲ್ಲಿ ಹಾಡುತ್ತಿದ್ದ ಗ್ರೇಟ್‌ಫುಲ್ ಡೆಡ್ ಎಂಬ ವಾದ್ಯಮೇಳವು ತನ್ನ ಕಚೇರಿಗಳನ್ನು ಶ್ರೋತೃಗಳು ಮುದ್ರಿಸಿಕೊಳ್ಳಲು ಸಮ್ಮತಿಸಿ, ೧೯೮೪ರ ಅಕ್ಟೋಬರಿನಿಂದ ಅವರಿಗೆಂದೇ ಪ್ರತ್ಯೇಕ ಸ್ಥಳವನ್ನೂ ಕೊಟ್ಟಿತು. ಈ ಮೇಳದವರು ಒಂದು ಹಾಡಿನಿಂದ ಮತ್ತೊಂದಕ್ಕೆ ನಿಲ್ಲದೆ ಹರಿದು ಹೋಗುತ್ತಿದ್ದರು. ೧೯೭೭ರ ಮೇ ೮ರಂದು ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ನಡೆದ ಅವರ ಕಚೇರಿಯ ಮುದ್ರಣವು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ ೨೦೧೧ರ ಸಾಲಿನಲ್ಲಿ ಸೇರಿದೆ. ಅದರಲ್ಲಿಯೂ ಇಂತಹ ದಾಟುಗಳಿವೆ. ಅಭಿಮಾನಿಗಳು ಹಾಡುಗಳ ಪಟ್ಟಿ ಬರೆಯುವಾಗ ಹೀಗೆ ಹರಿದ ಕಡೆ ಬಾಣದ ಗುರುತನ್ನು ಹಾಕುವ ಪದ್ಧತಿಯನ್ನು ಬೆಳೆಸಿದರು. ಗಡಿಯನ್ನು ಎಳೆದರು, ಆದರೆ ಅಲ್ಲಿ ಗಡಿಯಿರಲಿಲ್ಲವೆಂಬುದನ್ನೂ ಅದರೊಡನೆಯೇ ದಾಖಲೆ ಮಾಡಿದರು. ತಾಳವಾದ್ಯದವರಿಬ್ಬರೇ ನುಡಿಸುತ್ತಿದ್ದ ಭಾಗವನ್ನು ಅವರು ಬೇರೆ ಖಂಡವಾಗಿ ಗುರುತಿಸುವುದು ನಮ್ಮ ತನಿಯಾವರ್ತನದ ಪ್ರಶ್ನೆಯನ್ನು ನೆನಪಿಗೆ ತರುತ್ತದೆ.

ಇಂಟರ್‌ನೆಟ್ ಆರ್ಕೈವ್ ಎಂಬ ಸಂಸ್ಥೆಯು ೨೦೦೨ರಲ್ಲಿ ಆರಂಭಿಸಿದ ಕಚೇರಿ ಸಂಗ್ರಹದಲ್ಲಿ ಇಂತಹ ಮುದ್ರಣಗಳ ಜೊತೆಗೆ ಒಂದು ಲಿಖಿತ ವಿವರವನ್ನೂ ಇರಿಸುವುದು ವಾಡಿಕೆ. ಯಾವ ಮೈಕ್ರೊಫೋನು, ಯಾವ ಯಂತ್ರ, ಎಷ್ಟನೆಯ ಪ್ರತಿ, ಯಾರಿಂದ ವಿಭಾಗ ಎಂಬ ವಂಶಾವಳಿ ಅದರಲ್ಲಿರುತ್ತದೆ. ಹಸ್ತಪ್ರತಿಯ ಪ್ರತಿಕಾರನು ಕೊನೆಯಲ್ಲಿ ತನ್ನ ಹೆಸರನ್ನೂ ತಿಥಿವಾರಗಳನ್ನೂ ಬರೆಯುತ್ತಿದ್ದ ನಮ್ಮ ಸಂಪ್ರದಾಯಕ್ಕೆ ಇದು ಹತ್ತಿರವಾದುದು. ಆ ಸಂಪ್ರದಾಯವನ್ನು ತಾಳೆಯೋಲೆಯಲ್ಲಿ ಪಾಲಿಸಿದ ನಾವು ಟೇಪಿನಲ್ಲಿ ಮರೆಯಲು ಕಾರಣವಿಲ್ಲ.

೮. ಉಪಸಂಹಾರ

ಖಂಡವಿಭಾಗವೇ ಬೇಡವೆಂಬುದು ನಮ್ಮ ವಾದವಲ್ಲ. ತೋಡಿಯ ಐದು ಆಲಾಪನೆಗಳನ್ನು ಹೋಲಿಸಬೇಕಾದ ವಿದ್ಯಾರ್ಥಿ ಹದಿನೈದು ಗಂಟೆಗಳ ಧ್ವನಿಯನ್ನು ಜಾಲಾಡಲಾರನು. ವಿಭಾಗವಿಲ್ಲದ ಸಂಗ್ರಹವು ಬೀಗ ಹಾಕಿದ ಭಂಡಾರದಂತೆ. ನಾವು ರಾಜವಂಶಗಳ ಕಾಲವನ್ನು ವಿಭಾಗಿಸಿ ಬರೆಯುವುದೂ ಇಂತಹ ಅನುಕೂಲಕ್ಕಾಗಿಯೇ. ಆ ಗಡಿಗಳು ನಾವು ಎಳೆದವೆಂಬ ಅರಿವು ಇರುವವರೆಗೆ ಅಪಾಯವಿಲ್ಲ.

ಅಪಾಯ ತಪ್ಪಿಸಲು ಅನುಸರಿಸಬೇಕಾದ ಕ್ರಮ ಕಷ್ಟದ್ದೇನೂ ಅಲ್ಲ. ಅಖಂಡ ಪ್ರತಿಯೊಂದನ್ನು ಯಾವ ಮಾರ್ಪಾಟೂ ಇಲ್ಲದೆ ಕಾಯ್ದಿಡಬೇಕು. ಇದೇ ನಮ್ಮ ಪಡಿಯಚ್ಚು. ಗಡಿಗಳನ್ನು ನಿಮಿಷ ಸೆಕೆಂಡುಗಳ ಲೆಕ್ಕದಲ್ಲಿ ಪ್ರತ್ಯೇಕವಾದ ಪಟ್ಟಿಯಲ್ಲಿ ಬರೆದಿಡಬೇಕು. ೨೦೦೦ದಲ್ಲಿ ಬಿಡುಗಡೆಯಾದ ಅಡಾಸಿಟಿಯಂತಹ ಉಚಿತ ತಂತ್ರಾಂಶಗಳಲ್ಲಿಯೂ ಧ್ವನಿಯನ್ನು ಮುಟ್ಟದೆ ಅದರ ಕೆಳಗೆ ಗುರುತುಗಳನ್ನು ಹಾಕಿ, ಆ ಗುರುತುಗಳಂತೆ ಬಿಡಿ ಖಂಡಗಳನ್ನು ಹೊರತೆಗೆಯುವ ಸೌಕರ್ಯವುಂಟು. ಒಂದು ಖಂಡ ಮುಗಿದಲ್ಲಿಯೇ ಮುಂದಿನದು ಮೊದಲಾಗಬೇಕು. ನಡುವೆ ಏನನ್ನೂ ಬಿಡಬಾರದು. ಚಪ್ಪಾಳೆಯನ್ನು ಹಿಂದಿನ ಕೃತಿಗೂ, ಶ್ರುತಿ ಸೇರಿಸುವುದನ್ನೂ ಘೋಷಣೆಯನ್ನೂ ಮುಂದಿನ ಕೃತಿಗೂ ಸೇರಿಸುವುದು ಯುಕ್ತ. ಹೆಸರಿನ ಮೊದಲಿಗೆ ಎರಡಂಕಿಯ ಅನುಕ್ರಮಸಂಖ್ಯೆ ಇರಬೇಕು. ಉಗಾಭೋಗ, ಶ್ಲೋಕ, ತನಿಯಾವರ್ತನಗಳು ಬೇರೆ ಖಂಡವಾಗದಿದ್ದರೂ ಪಟ್ಟಿಯಲ್ಲಿ ಅವುಗಳ ಹೆಸರು ಬರಲೇಬೇಕು. ರಾಗವೋ ಕೃತಿಯೋ ಸಂದೇಹವಾದರೆ ಸಂದೇಹವೆಂದೇ ಬರೆಯುವುದು ಮೇಲು. ಊಹೆಯಿಂದ ಬರೆದ ಹೆಸರು ಪ್ರತಿಯಿಂದ ಪ್ರತಿಗೆ ಸಾಗಿ ಪ್ರಮಾಣವಾಗಿಬಿಡುತ್ತದೆ. ಕೊನೆಯದಾಗಿ, ಎಲ್ಲ ಖಂಡಗಳ ಅವಧಿಯನ್ನು ಕೂಡಿದರೆ ಅಖಂಡ ಪ್ರತಿಯ ಅವಧಿ ಬರಬೇಕು. ಬಾರದಿದ್ದರೆ ಎಲ್ಲಿಯೋ ಏನೋ ಲೋಪವಾಗಿದೆಯೆಂದು ತಿಳಿಯಬೇಕು. ಇಷ್ಟು ಸರಳವಾದ ಪರೀಕ್ಷೆ ನಮ್ಮ ಬೇರೆ ಯಾವ ಆಕರಕ್ಕೂ ಇಲ್ಲ.

ಟೇಪುಗಳನ್ನು ಓಡಿಸುವ ಯಂತ್ರಗಳು ಅಪರೂಪವಾಗುತ್ತಿವೆ. ಅವನ್ನು ದುರಸ್ತಿ ಮಾಡಬಲ್ಲವರೂ ಅಪರೂಪ. ಅನೇಕ ಸುರುಳಿಗಳಿಗೆ ಇದು ಕೊನೆಯ ಓಟವಾಗಬಹುದು. ಆ ಓಟದಲ್ಲಿ ಹಿಡಿದುದನ್ನು ಇಡಿಯಾಗಿ ಉಳಿಸಿ, ಅನಂತರ ಬೇಕಾದವರು ಬೇಕಾದಂತೆ ವಿಭಾಗಿಸಿಕೊಳ್ಳಲಿ. ಇಡಿಯಿಂದ ಬಿಡಿಯನ್ನು ಎಷ್ಟು ಬಾರಿಯಾದರೂ ಮಾಡಬಹುದು. ನಡುವಣದನ್ನು ಕಳೆದುಕೊಂಡ ಬಿಡಿಗಳಿಂದ ಇಡಿಯನ್ನು ಮತ್ತೆ ಕಟ್ಟಲಾಗದು.